ಕೆಂಗೇರಿಯಲ್ಲಿ ಬಾಡಿಗೆ ಮನೆ: ಮುಂಗಡದ ಭಾರ, ಭೋಗ್ಯದ ಅಪಾಯ

ಮೈಸೂರು ರಸ್ತೆಯ ಕೆಂಗೇರಿ 2007ರವರೆಗೆ ತನ್ನದೇ ಪುರಸಭೆಯಿದ್ದ ಊರು. ಆ ವರ್ಷ ಅದು ಬೃಹತ್ ಬೆಂಗಳೂರಿನೊಳಗೆ ಸೇರಿತು. 2021ರ ಆಗಸ್ಟ್‌ನಲ್ಲಿ ಮೆಟ್ರೊ ರೈಲು ಬಂದ ಬಳಿಕ ಮೆಜೆಸ್ಟಿಕ್ ಸುಮಾರು ಅರ್ಧ ಗಂಟೆಯ ದಾರಿಯಾಗಿದೆ. ನಗರದ ನಡುವಿನ ಬಾಡಿಗೆ ತಾಳಲಾರದ ಕುಟುಂಬಗಳು ಇತ್ತ ಮುಖ ಮಾಡಿರುವುದು ಸಹಜವೇ.

ಇಲ್ಲಿ ಹೆಚ್ಚಾಗಿ ದೊರೆಯುವುದು ಮಾಲೀಕರೇ ವಾಸವಿರುವ ಕಟ್ಟಡದ ಮೇಲಂತಸ್ತು. ಒಂದು ಮಲಗುವ ಕೋಣೆಯ ಮನೆಗೆ ಸುಮಾರು 10ರಿಂದ 14 ಸಾವಿರ, ಎರಡು ಕೋಣೆಯದಕ್ಕೆ 16ರಿಂದ 22 ಸಾವಿರ ರೂಪಾಯಿ ಕೇಳುವುದುಂಟು. ಕಾವಲುಗಾರ, ಲಿಫ್ಟ್ ಇರುವ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆ ಇನ್ನೂ ಹೆಚ್ಚು. ನಿರ್ವಹಣಾ ಶುಲ್ಕ ಬೇರೆ. ಕಾವೇರಿ ನೀರಿನ ಸಂಪರ್ಕವಿದೆಯೇ, ಬರೀ ಕೊಳವೆಬಾವಿಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚು ಕೊನೆಗೆ ಬೀಳುವುದು ಬಾಡಿಗೆದಾರನ ಮೇಲೆಯೇ.

ಬೆಂಗಳೂರಿನ ಹಳೆಯ ರೂಢಿಯೆಂದರೆ ಹತ್ತು ತಿಂಗಳ ಮುಂಗಡ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. 18 ಸಾವಿರ ಬಾಡಿಗೆಯ ಮನೆಗೆ ಹತ್ತು ತಿಂಗಳ ಮುಂಗಡ 1.80 ಲಕ್ಷ ರೂಪಾಯಿ. ಶೇ 7ರ ಬಡ್ಡಿಯಂತೆ ಲೆಕ್ಕ ಹಾಕಿದರೂ ತಿಂಗಳಿಗೆ 1,050 ರೂಪಾಯಿ ಕೈತಪ್ಪುತ್ತದೆ, ಅಂದರೆ ಮನೆಯ ನಿಜವಾದ ಬಾಡಿಗೆ 19 ಸಾವಿರ ದಾಟಿತು. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ವಾಡಿಕೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡದ ಮಿತಿ ಹೇಳುತ್ತದೆ. ಆದರೆ ಮಾದರಿ ಎಂಬುದು ಮಾದರಿಯಷ್ಟೇ. ರಾಜ್ಯವೊಂದು ಅದನ್ನು ಕಾನೂನಾಗಿಸಿದರೆ ಮಾತ್ರ ಅಲ್ಲಿ ಅದು ಅನ್ವಯವಾದೀತು.

ಕರಾರು ಹನ್ನೊಂದು ತಿಂಗಳಿಗೇ ಏಕೆ? ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು ಉಳಿಸಲು ಕಂಡುಕೊಂಡ ದಾರಿಯಿದು.

ತಿಂಗಳ ಬಾಡಿಗೆಯೇ ಬೇಡವೆನ್ನುವವರಿಗೆ ಭೋಗ್ಯವಿದೆ. ಎಂಟು-ಹತ್ತು ಲಕ್ಷ ರೂಪಾಯಿ ಒಟ್ಟಿಗೆ ಕೊಟ್ಟು ಎರಡು-ಮೂರು ವರ್ಷ ವಾಸವಿದ್ದು, ಬಿಡುವಾಗ ಅಷ್ಟೂ ಹಣ ಮರಳಿ ಪಡೆಯುವ ಪದ್ಧತಿ. ಊರಿನ ಜಮೀನು ಮಾರಿದ ಹಣವನ್ನೋ ನಿವೃತ್ತಿಯ ಗಂಟನ್ನೋ ಇದಕ್ಕೆ ಸುರಿಯುವವರಿದ್ದಾರೆ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಗತಿಯೇನು? ಮಾಲೀಕ ಕಂತು ಕಟ್ಟದಿದ್ದಲ್ಲಿ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಅಡಮಾನದ ನಂತರ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಆದ, ನೋಂದಣಿಯಾಗದ ಭೋಗ್ಯಪತ್ರಕ್ಕೆ ಆಗ ಹೆಚ್ಚಿನ ಬಲವಿರದು. ಹಣಕ್ಕಾಗಿ ಮಾಲೀಕನ ಬೆನ್ನು ಹತ್ತಿ ನ್ಯಾಯಾಲಯ ಅಲೆಯಬೇಕಾದೀತು.

ಹೀಗಾಗಿ ಹಣ ಕೊಡುವ ಮೊದಲು ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರ ನೋಡಬೇಕು. ಮೂಲಪತ್ರ ಠೇವಣಿಯಿಟ್ಟು ತೆಗೆದ ಸಾಲ ಅದರಲ್ಲಿ ಕೆಲವೊಮ್ಮೆ ಕಾಣದು. ಕ್ರಯಪತ್ರದ ಜೆರಾಕ್ಸ್ ಮಾತ್ರ ತೋರಿಸುವ ಮಾಲೀಕರಿಗೆ ಮೂಲಪತ್ರವನ್ನೇ ತೋರಿಸುವಂತೆ ಕೇಳಬೇಕು. ಅದು ಬ್ಯಾಂಕಿನಲ್ಲಿದೆ ಎಂಬ ಉತ್ತರ ಬಂದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯದಿರುವುದು ಒಳಿತು.