ವೈಮಾನಿಕನ ಲೆಕ್ಕದ ಪುಸ್ತಕ

ಆಳಂದ, ಅಫಜಲಪುರ, ಜೇವರ್ಗಿಗಳ ತೊಗರಿಯ ಹೊಲದಲ್ಲಿ ನಿಂತು ವಿಮಾನವನ್ನು ನೋಡಿದ ವಿದ್ಯಾರ್ಥಿಗೆ ಅದನ್ನು ತಾನೇ ನಡೆಸಬೇಕೆಂಬ ಆಸೆ ಹುಟ್ಟುವುದು ಸಹಜ. ಕಲಬುರಗಿಯ ವಿಮಾನ ನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟನೆಗೊಂಡಿತು. ಹಾರಾಟದ ಶಿಕ್ಷಣ ಶಾಲೆಗಳಿಗಾಗಿ 2021ರಲ್ಲಿ ಆರಿಸಲಾದ ಐದು ನಿಲ್ದಾಣಗಳಲ್ಲಿ ಅದೂ ಒಂದು. ಆದರೆ ಹಾರಲು ಕಲಿತ ಮಾತ್ರಕ್ಕೆ ಉದ್ಯೋಗ ದೊರೆಯದು. ಸಂದರ್ಶನದಲ್ಲಿ ಅಭ್ಯರ್ಥಿಗಿಂತ ಮೊದಲು ಮಾತನಾಡುವುದು ಅವನ ಲಾಗ್ ಪುಸ್ತಕ.

ಪ್ರತಿ ಹಾರಾಟದ ದಿನಾಂಕ, ವಿಮಾನದ ಮಾದರಿ, ಅದರ ನೋಂದಣಿ ಚಿಹ್ನೆ, ಹೊರಟ ಮತ್ತು ಸೇರಿದ ಸ್ಥಳ, ಹಿಡಿದ ಕಾಲ, ಚಾಲಕನು ವಹಿಸಿದ ಹೊಣೆ ಇವುಗಳ ದಾಖಲೆಯೇ ಲಾಗ್ ಪುಸ್ತಕ. ವಾಣಿಜ್ಯ ಚಾಲಕನ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ವಿಮಾನದ ನಾಯಕನಾಗಿರಬೇಕು. 300 ನಾಟಿಕಲ್ ಮೈಲಿಗಳ, ಎಂದರೆ ಸುಮಾರು 556 ಕಿಲೋಮೀಟರಿನ, ಒಂದು ಯಾನವನ್ನೂ ಮಾಡಿರಬೇಕು. ರಾತ್ರಿಯ ಹಾರಾಟ 5 ಗಂಟೆಗೆ ಕಡಮೆಯಾಗಕೂಡದು.

ಈ ಗಂಟೆಗಳನ್ನು ಎಣಿಸುವುದು ಹೇಗೆ? ಹಾರುವ ಉದ್ದೇಶದಿಂದ ವಿಮಾನವು ಮೊದಲು ಚಲಿಸಿದ ಕ್ಷಣದಿಂದ, ಹಾರಾಟ ಮುಗಿದು ಅದು ನಿಲ್ಲುವವರೆಗಿನ ಕಾಲವನ್ನು ಹಿಡಿಯಬೇಕು. ವಿಮಾನಯಾನದಲ್ಲಿ ವಿಶ್ವಕಾಲವೇ ರೂಢಿ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 9-50ಕ್ಕೆ ಹೊರಟು 11-05ಕ್ಕೆ ನಿಂತರೆ 4-20, 5-35 ಎಂದು ಬರೆಯಬೇಕು. ಅವಧಿ 1 ಗಂಟೆ 15 ನಿಮಿಷ. ಎರಡು ಕಾಲಗಳನ್ನು ಬೆರೆಸಿದರೆ ಲೆಕ್ಕ ಕೆಡುತ್ತದೆ.

ಒಂದು ಪುಟದ ಮೊತ್ತ ಮುಂದಿನ ಪುಟಕ್ಕೆ ಸಾಗುವುದರಿಂದ ಒಂದು ತಪ್ಪು ಕೊನೆಯವರೆಗೂ ಹಿಂಬಾಲಿಸುತ್ತದೆ. ಇದನ್ನು ಹಿಡಿಯಲು ಸುಲಭವಾದ ಉಪಾಯವುಂಟು. ಹಗಲು ಮತ್ತು ರಾತ್ರಿಯ ಗಂಟೆಗಳನ್ನು ಕೂಡಿರಿ; ಶಿಕ್ಷಕರೊಡನೆ ಹಾರಿದ ಮತ್ತು ನಾಯಕನಾಗಿ ಹಾರಿದ ಗಂಟೆಗಳನ್ನು ಬೇರೆಯಾಗಿ ಕೂಡಿರಿ. ಎರಡು ಮೊತ್ತಗಳೂ ಒಂದೇ ಆಗಬೇಕು. ತಪ್ಪು ಕಂಡರೆ ಅಳಿಸದೆ, ಒಂದು ಗೆರೆ ಎಳೆದು ಸರಿಯಾದುದನ್ನು ಬರೆದು ಸಹಿ ಮಾಡುವುದು ಒಳ್ಳೆಯ ಪದ್ಧತಿ. 199 ಗಂಟೆ 40 ನಿಮಿಷವನ್ನು 200 ಎಂದು ಬರೆಯುವ ಮೋಹ ಬೇಡ. ವಿಮಾನಕ್ಕೂ ತನ್ನದೇ ಆದ ದಾಖಲೆಯುಂಟು, ಎರಡನ್ನೂ ಹೋಲಿಸಿ ನೋಡಬಹುದು. 2011ರಲ್ಲಿ ಸುಳ್ಳು ದಾಖಲೆಗಳಿಂದ ಪರವಾನಗಿ ಪಡೆದ ಕೆಲವು ಚಾಲಕರು ಸಿಕ್ಕಿಬಿದ್ದರು. ಮನೆಯವರು ಸಾಲಮಾಡಿ ತೆತ್ತ ಹಣ ಇಪ್ಪತ್ತು ನಿಮಿಷಗಳ ಸುಳ್ಳಿನಿಂದ ವ್ಯರ್ಥವಾಗಬಾರದು.

ಪುಸ್ತಕ ಸರಿಯಾದ ಮೇಲೆ ಅದರೊಳಗಿನ ಅನುಭವವನ್ನು ನೆನೆಯಬೇಕು. “ಈ ಮೇ ತಿಂಗಳ ಮಧ್ಯಾಹ್ನ ಓಟ ಏಕೆ ಉದ್ದವಾಯಿತು?” ಎಂದು ಪರೀಕ್ಷಕರು ಕೇಳಬಹುದು. ಕಲಬುರಗಿಯ ಸೀಮೆ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರ. ಅಲ್ಲಿ ಪ್ರಮಾಣ ಉಷ್ಣತೆ 12 ಡಿಗ್ರಿ ಸೆಲ್ಸಿಯಸ್. ಅಂದು 42 ಡಿಗ್ರಿ ಇದ್ದರೆ ಹೆಚ್ಚಳ 30 ಡಿಗ್ರಿ. ಡಿಗ್ರಿಗೆ 120 ಅಡಿಯಂತೆ 3,600 ಅಡಿ ಸೇರಿ, ವಿಮಾನದ ಪಾಲಿಗೆ ಆ ನೆಲ ಸುಮಾರು 5,100 ಅಡಿ ಎತ್ತರದಲ್ಲಿದ್ದಂತೆ. ತೆಳುವಾದ ಗಾಳಿಯಲ್ಲಿ ರೆಕ್ಕೆಯ ಎತ್ತುವ ಬಲವೂ ಯಂತ್ರದ ಶಕ್ತಿಯೂ ಕುಂದುತ್ತವೆ. ಆದುದರಿಂದಲೇ ಓಟ ಉದ್ದವಾಗುತ್ತದೆ.

ಹೀಗೆ ಒಂದೊಂದು ಸಾಲಿನ ಹಿಂದಿನ ಕಾರಣವನ್ನೂ ಹೇಳಬಲ್ಲವನು ಆ ಗಂಟೆಗಳನ್ನು ನಿಜವಾಗಿ ಹಾರಿದವನೆಂದು ಪರೀಕ್ಷಕರು ತಿಳಿಯುತ್ತಾರೆ. ನೂರಾರು ಪ್ರಯಾಣಿಕರ ಪ್ರಾಣವನ್ನು ಒಪ್ಪಿಸುವ ಮೊದಲು ಅವರು ನೋಡಬಯಸುವುದೂ ಇದನ್ನೇ.