ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ: ರೆಫರಲ್ ಪತ್ರ ಏಕೆ, ಎಲ್ಲಿ, ಹೇಗೆ?



ವಿದ್ಯಾರ್ಥಿವೇತನದ ವರದಿಯಲ್ಲಿ ಆಸ್ಪತ್ರೆಯ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಓದುವ ಮಗುವಿನ ಶಾಲೆ ಬಿಡಿಸುವ ಕಾರಣಗಳಲ್ಲಿ ಮನೆಯವರ ಕಾಯಿಲೆಯೂ ಒಂದು ದೊಡ್ಡ ಕಾರಣ. ಅಬ್ಬಾಗೆ ಹೃದಯದ ತೊಂದರೆ ಬಂದರೆ ಮಗ ಗ್ಯಾರೇಜಿಗೆ ಸೇರುತ್ತಾನೆ. ಅಮ್ಮಿಗೆ ಆಪರೇಷನ್ ಆದರೆ ಮಗಳು ಮನೆಯಲ್ಲೇ ಉಳಿಯುತ್ತಾಳೆ. ಒಂದು ವರ್ಷದ ಫೀಸಿಗೆ ನಾವು ಕೊಡುವ ಹಣಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಸಾಲ ಒಂದೇ ವಾರದಲ್ಲಿ ಮನೆಯ ಮೇಲೆ ಬೀಳುತ್ತದೆ. ಆ ಸಾಲದಲ್ಲಿ ಒಂದು ಪಾಲನ್ನಾದರೂ ಸರ್ಕಾರದ ಯೋಜನೆಯಿಂದ ತಪ್ಪಿಸಬಹುದು. ಅದರ ಬಾಗಿಲು ತೆರೆಯುವುದು ರೆಫರಲ್ ಪತ್ರದಿಂದ.

ನಮ್ಮಲ್ಲಿ ರೂಢಿ ಹೇಗಿದೆ? ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ವರ್ಷಗಳಿಂದ ನೋಡುತ್ತಿರುವ ಕ್ಲಿನಿಕ್ಕಿನ ಡಾಕ್ಟರು "ದೊಡ್ಡ ಆಸ್ಪತ್ರೆಗೆ ತೋರಿಸಿ" ಎಂದು ಚೀಟಿ ಬರೆದುಕೊಡುತ್ತಾರೆ. ಮನೆಯವರು ಅದನ್ನು ಹಿಡಿದು ನೇರ ದಾವಣಗೆರೆಗೋ ಬೆಂಗಳೂರಿಗೋ ಹೋಗಿ ಅಡ್ವಾನ್ಸ್ ಕಟ್ಟುತ್ತಾರೆ. ಹಣ ಸಾಲದಾದಾಗ ಎಸ್ಟಿಮೇಟ್ ಹಿಡಿದು ಟ್ರಸ್ಟಿಗೆ ಬರುತ್ತಾರೆ, ಇಲ್ಲವೇ ಜುಮ್ಮಾ ನಮಾಜಿನ ನಂತರ ಮಸೀದಿಯಲ್ಲಿ ಚಂದಾ ಎತ್ತಬೇಕಾಗುತ್ತದೆ. ಅಷ್ಟು ಹೊತ್ತಿಗೆ ಯೋಜನೆಯ ದಾರಿ ಮುಚ್ಚಿರುತ್ತದೆ. ಏಕೆಂದರೆ ಇದು ನಗದುರಹಿತ ಯೋಜನೆ. ಮೊದಲು ಕಟ್ಟಿ ಆಮೇಲೆ ಬಿಲ್ಲು ತೋರಿಸಿ ಹಣ ವಾಪಸ್ ಪಡೆಯುವ ವ್ಯವಸ್ಥೆ ಅಲ್ಲ.

ಯೋಜನೆ ಯಾವುದು?

ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಯೋಜನೆ ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಸಲಾಯಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಇದು ಇಡೀ ಕುಟುಂಬಕ್ಕೆ ಸೇರಿ, ತಲಾ ಅಲ್ಲ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಅಂದರೆ ಪ್ಯಾಕೇಜ್ ದರ 1 ಲಕ್ಷ ಇದ್ದರೆ 30 ಸಾವಿರ ಸರ್ಕಾರದ್ದು, 70 ಸಾವಿರ ನಿಮ್ಮದು. ಎಪಿಎಲ್ ಎಂದು ಕೈಚೆಲ್ಲಿ ಕೂರಬೇಡಿ. ಆ 30 ಸಾವಿರವೂ ಒಬ್ಬ ಮಗುವಿನ ಓದಿಗೆ ಆಗುತ್ತದೆ.

ರೆಫರಲ್ ಯಾವಾಗ ಬೇಕು?

ಯೋಜನೆಯಲ್ಲಿ ಚಿಕಿತ್ಸೆಗಳನ್ನು ವಿಂಗಡಿಸಿದ್ದಾರೆ. ಸಾಮಾನ್ಯ ದ್ವಿತೀಯ ಹಂತದ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಕ್ಲಿಷ್ಟ ದ್ವಿತೀಯ ಹಂತ ಮತ್ತು ತೃತೀಯ ಹಂತದ ಚಿಕಿತ್ಸೆಗೂ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಅಲ್ಲಿನ ವೈದ್ಯರು ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ಯೋಜನೆಗೆ ಲೆಕ್ಕಕ್ಕೆ ಬರುವ ಪತ್ರ ಇದೇ. ಕ್ಲಿನಿಕ್ಕಿನ ಡಾಕ್ಟರ ಚೀಟಿ ಈ ಪತ್ರದ ಬದಲಿಗೆ ನಡೆಯುವುದಿಲ್ಲ.

ಹಾಗೆಂದು ಆ ಚೀಟಿ ವ್ಯರ್ಥವಲ್ಲ. ನಿಮ್ಮ ಕಾಯಿಲೆಯ ಚರಿತ್ರೆ ಗೊತ್ತಿರುವುದು ಅವರಿಗೇ. ಎಷ್ಟು ದಿನದಿಂದ ತೊಂದರೆ, ಯಾವ ಮಾತ್ರೆ ಕೊಟ್ಟಿದ್ದಾರೆ, ಸಕ್ಕರೆ ಕಾಯಿಲೆ ಮತ್ತು ಬಿಪಿ ಇದೆಯೇ, ಯಾವ ಔಷಧ ಒಗ್ಗುವುದಿಲ್ಲ, ಯಾವ ಅನುಮಾನದ ಮೇಲೆ ಕಳಿಸುತ್ತಿದ್ದಾರೆ ಎಂಬುದನ್ನು ಬರೆಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯ ವೈದ್ಯರ ಕೆಲಸ ಅದರಿಂದ ಅರ್ಧ ಹಗುರಾಗುತ್ತದೆ. ಹಳೆಯ ಸ್ಕ್ಯಾನ್, ಇಸಿಜಿ, ರಕ್ತಪರೀಕ್ಷೆಯ ವರದಿಗಳನ್ನು ಜೊತೆಗೇ ಒಯ್ಯಿರಿ.

ತುರ್ತು ಸಂದರ್ಭದ ಮಾತೇ ಬೇರೆ. ಹೃದಯಾಘಾತ, ಅಪಘಾತದಲ್ಲಿ ತಲೆಗೆ ಪೆಟ್ಟು, ಇಂಥ ಹೊತ್ತಿನಲ್ಲಿ ಪತ್ರಕ್ಕಾಗಿ ಅಲೆಯುತ್ತಾ ಕೂರಬಾರದು. ಯೋಜನೆಯ ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವುದಕ್ಕೆ ರೆಫರಲ್ ಇಲ್ಲದೆ ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ದಾಖಲಾಗಬಹುದು. 108ಕ್ಕೆ ಕರೆ ಮಾಡಿ, ಜೀವ ಮೊದಲು. ದಾಖಲಿಸುವಾಗಲೇ "ನಮ್ಮದು ಆಯುಷ್ಮಾನ್ ಕಾರ್ಡ್ ಇದೆ" ಎಂದು ಹೇಳಿ.

ನಮ್ಮ ತಾಲ್ಲೂಕುಗಳಲ್ಲಿ ದಾರಿ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರಿಗೆ ಮೊದಲ ಮೆಟ್ಟಿಲು ಅಲ್ಲಿನ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ. ನಿಮ್ಮ ಕಾಯಿಲೆಗೆ ತಾಲ್ಲೂಕಿನ ಪತ್ರವೇ ಸಾಕೋ, ಜಿಲ್ಲಾ ಆಸ್ಪತ್ರೆಗೆ ಹೋಗಲೇಬೇಕೋ ಎಂಬುದನ್ನು ಅಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ಇದೇ ಅವರ ಕೆಲಸ, ಸಂಕೋಚ ಬೇಡ. ಹೋಗುವ ಮುನ್ನ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ, ನೀವು ಯೋಚಿಸಿರುವ ಆಸ್ಪತ್ರೆ ನಿಮ್ಮ ಕಾಯಿಲೆಗೆ ನೋಂದಾಯಿತವೇ ಎಂದು ಕೇಳಿಕೊಳ್ಳಿ. ಒಂದು ಆಸ್ಪತ್ರೆ ಮೂಳೆ ಚಿಕಿತ್ಸೆಗೆ ನೋಂದಾಯಿಸಿ ಹೃದಯಕ್ಕೆ ನೋಂದಾಯಿಸದೆ ಇರಬಹುದು.

ಎಲ್ಲಕ್ಕೂ ಖಾಸಗಿಯೇ ಆಗಬೇಕೆಂದೂ ಇಲ್ಲ. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ಮೆದುಳು ಮತ್ತು ನರಗಳಿಗೆ ನಿಮ್ಹಾನ್ಸ್ ಬೆಂಗಳೂರಿನಲ್ಲಿರುವ ಸರ್ಕಾರಿ ಸಂಸ್ಥೆಗಳು. ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್ ದೂರವಾದರೂ, ಸಾಲ ಮಾಡಿ ಬೇರೆಡೆ ಸೇರಿಸುವ ಮುನ್ನ ಅಲ್ಲಿಗೆ ಕಳಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ.

ಪತ್ರ ಕೈಗೆ ಬಂದಾಗ ನೋಡಬೇಕಾದ್ದು

ರೋಗಿಯ ಹೆಸರು, ವಯಸ್ಸು, ಕಾಯಿಲೆ, ಬೇಕಾದ ಚಿಕಿತ್ಸೆ, ದಿನಾಂಕ, ವೈದ್ಯರ ಸಹಿ, ಆಸ್ಪತ್ರೆಯ ಸೀಲು ಇವಿಷ್ಟೂ ಇವೆಯೇ ನೋಡಿ. ಹೆಸರಿನ ವಿಷಯದಲ್ಲಿ ನಮ್ಮ ಮನೆಗಳಿಗೆ ಒಂದು ಎಚ್ಚರಿಕೆಯ ಮಾತು. ಆಧಾರ್‌ನಲ್ಲಿ ಮೊಹಮ್ಮದ್, ಪಡಿತರ ಚೀಟಿಯಲ್ಲಿ ಮಹಮ್ಮದ್, ಆಸ್ಪತ್ರೆಯ ಚೀಟಿಯಲ್ಲಿ ಬರೀ ಎಂ.ಡಿ.; ಒಂದು ಕಡೆ ಬೀ, ಇನ್ನೊಂದು ಕಡೆ ಬೇಗಂ. ಇಂಥ ವ್ಯತ್ಯಾಸಕ್ಕೇ ಕೆಲಸ ನಿಲ್ಲಬಹುದು. ಹೊಸದಾಗಿ ಬಂದ ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ಪಡಿತರ ಚೀಟಿಗೆ ಸೇರದೆ ಉಳಿದಿರುವುದೂ ಉಂಟು. ಎಲ್ಲರೂ ಆರೋಗ್ಯವಾಗಿರುವಾಗಲೇ ಇವನ್ನು ಸರಿಪಡಿಸಿ, ಆಯುಷ್ಮಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಕಾಯಿಲೆ ಬಂದ ಮೇಲೆ ಕಚೇರಿ ಸುತ್ತುವುದು ಆಗದ ಮಾತು.

ಖಾಸಗಿ ಆಸ್ಪತ್ರೆಗೆ ಹೋದ ತಕ್ಷಣ ಹಣ ಕಟ್ಟಬೇಡಿ. ಮೊದಲು ಅಲ್ಲಿನ ಆರೋಗ್ಯಮಿತ್ರರನ್ನು ಕಂಡು ಪತ್ರ, ಆಧಾರ್, ಪಡಿತರ ಚೀಟಿ ಕೊಡಿ. ಆಸ್ಪತ್ರೆ ಸುರಕ್ಷಾ ಟ್ರಸ್ಟಿನಿಂದ ಮುಂಗಡ ಮಂಜೂರಾತಿ ತರಿಸಿಕೊಂಡ ಮೇಲೆ ಚಿಕಿತ್ಸೆ. ಬಿಪಿಎಲ್‌ನವರನ್ನು ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಹಣ ಕೇಳಿದರೆ, ಯಾವುದಕ್ಕೆ ಎಂದು ಬರೆದು ಕೊಡಿ ಎನ್ನಿ, 104ಕ್ಕೆ ತಿಳಿಸಿ.

ಮನೆಯಲ್ಲಿ ಯಾರಾದರೂ ಇಎಸ್‌ಐ ಕಟ್ಟುತ್ತಿದ್ದರೆ ಅವರ ದಾರಿ ಬೇರೆ: ಇಎಸ್‌ಐ ಚಿಕಿತ್ಸಾಲಯದ ವೈದ್ಯರೇ ಮುಂದಕ್ಕೆ ಕಳಿಸಬೇಕು. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಯೋಜನೆಯನ್ನು ವಿಚಾರಿಸಿ.

ಟ್ರಸ್ಟ್ ಪತ್ರ ಕೇಳುವುದೇಕೆ?

ವೈದ್ಯಕೀಯ ನೆರವಿನ ಅರ್ಜಿಯ ಜೊತೆ ನಾವು ರೆಫರಲ್ ಪತ್ರದ ಪ್ರತಿಯನ್ನೂ, ಯೋಜನೆಯಿಂದ ಮಂಜೂರಾದದ್ದೆಷ್ಟು ಎಂಬುದನ್ನೂ ಕೇಳುತ್ತೇವೆ. ಇದು ಅಪನಂಬಿಕೆಯಿಂದ ಅಲ್ಲ. ದಾನಿಗಳ ಝಕಾತ್ ಮತ್ತು ಸದಕಾ ನಮ್ಮ ಕೈಯಲ್ಲಿರುವ ಅಮಾನತ್. ಸರ್ಕಾರ ಭರಿಸಬೇಕಾದ ಬಿಲ್ಲಿಗೆ ಅದನ್ನು ಸುರಿದರೆ, ಯಾವ ಯೋಜನೆಯೂ ತಲುಪದ ಖರ್ಚಿಗೆ ಏನೂ ಉಳಿಯುವುದಿಲ್ಲ: ಬಸ್ ಚಾರ್ಜು, ಜೊತೆಗಿರುವವರ ಊಟ, ಮನೆಗೆ ಬಂದ ಮೇಲಿನ ಮಾತ್ರೆ, ದುಡಿಯುವವರು ಮಲಗಿದ ತಿಂಗಳ ರೇಷನ್ನು. ನಮ್ಮ ನೆರವು ಸೇರಬೇಕಾದದ್ದು ಅಲ್ಲಿಗೆ. ತುರ್ತು ಸಂದರ್ಭದಲ್ಲಿ ಪತ್ರ ಇಲ್ಲ ಎಂಬ ಕಾರಣಕ್ಕೆ ಯಾವ ಅರ್ಜಿಯನ್ನೂ ಹಿಂದಕ್ಕೆ ಕಳಿಸುವುದಿಲ್ಲ.

ಕೊನೆಗೆ ಪೋಷಕರಲ್ಲಿ ಒಂದು ವಿನಂತಿ. ಮನೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಗುವಿನ ಶಾಲೆ ಬಿಡಿಸುವ ಮುನ್ನ ನಮಗೆ ತಿಳಿಸಿ. ಹಾಜರಾತಿ ಕಡಿಮೆಯಾಯಿತೆಂದು ವಿದ್ಯಾರ್ಥಿವೇತನ ನಿಲ್ಲಬಹುದೆಂಬ ಭಯ ಬೇಡ. ಕಾರಣ ಗೊತ್ತಾದರೆ ಶಾಲೆಯವರೊಡನೆ ನಾವೇ ಮಾತನಾಡುತ್ತೇವೆ. ಓದಿದ ಮಕ್ಕಳು ಈ ಲೇಖನವನ್ನು ಮನೆಯ ಹಿರಿಯರಿಗೆ ಓದಿ ಹೇಳಲಿ. ಅಲ್ಲಾಹನು ಎಲ್ಲರಿಗೂ ಆರೋಗ್ಯ ಕರುಣಿಸಲಿ, ಆಮೀನ್.