ಹಳೆಯ ಲ್ಯಾಪ್‌ಟಾಪಿನ ಜೀರ್ಣೋದ್ಧಾರ

ಹಳೆಯ ಗಡಿಯಾರವನ್ನೂ ಹೊಲಿಗೆಯ ಯಂತ್ರವನ್ನೂ ದುರಸ್ತಿ ಮಾಡಿಸಿ ಇಟ್ಟುಕೊಳ್ಳುವ ಗೃಹಸ್ಥರು ಹಳೆಯ ಲ್ಯಾಪ್‌ಟಾಪನ್ನು ಮಾತ್ರ ಏತಕ್ಕೆ ಅಟ್ಟಕ್ಕೇರಿಸಿಬಿಡುತ್ತಾರೋ ನಾವರಿಯೆವು. ಮಂಡ್ಯಕ್ಕೆ ಸಮೀಪವಾದ ಹೊಳಲಿನ ನಮ್ಮ ಮನೆಯಲ್ಲಿಯೂ ಅಂತಹದೊಂದು ಯಂತ್ರವು ಎರಡು ವರ್ಷಗಳಿಂದ ಧೂಳು ತಿನ್ನುತ್ತಲಿದ್ದಿತು. ಅದು ದಿವಂಗತರಾದ ನಮ್ಮ ಅಣ್ಣನವರದು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ಅವರು ಊರಿನ ಗದ್ದೆಗಳ ಹೆಸರುಗಳನ್ನೂ, ಸೋಬಾನೆ ಹೇಳುವ ಮುದುಕಿಯರಿಂದ ಕೇಳಿದ ಪದಗಳನ್ನೂ, ನಾಲೆಯ ನೀರು ಬರುವ ಮುಂಚಿನ ಬೇಸಾಯದ ಸಂಗತಿಗಳನ್ನೂ ಅದರಲ್ಲಿ ಬರೆದಿಟ್ಟಿದ್ದರು. ಕಳೆದ ಸಂಕ್ರಾಂತಿಯ ದಿನ ಎಳ್ಳು ಬೀರಿ ಬಂದ ಅತ್ತಿಗೆಯವರು, “ನಿಮ್ಮಣ್ಣ ಬರೆದಿರೋದನ್ನ ನನ್ನ ಕಣ್ಣು ನೆಟ್ಟಗಿರೋವಾಗ್ಲೇ ಒಂದ್ಸಾರಿ ಓದ್ಬೇಕು ಕಣಪ್ಪ” ಎಂದರು. ಆ ಸಂಜೆಯೇ ಅದನ್ನು ಕೆಳಗಿಳಿಸಿದೆವು.

ಗುಂಡಿಯನ್ನೊತ್ತಿದ ಮೇಲೆ ಯಂತ್ರವು ಎಚ್ಚರಗೊಳ್ಳಲು ಒಂಬತ್ತು ನಿಮಿಷ ಹಿಡಿಯಿತು. ಕಡತವೊಂದನ್ನು ತೆರೆಯ ಹೋದರೆ ತೆರೆಯು ಬಿಳುಪೇರಿ ನಿಂತಿತು. ಯಂತ್ರವೇನೋ ಕೆಟ್ಟಿರಲಿಲ್ಲ. 4 ಗಿಗಾಬೈಟ್ ಸ್ಮೃತಿಯೂ, ತಟ್ಟೆ ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕೂ ಉಳ್ಳ ಆ ಬಡಜೀವದ ಮೇಲೆ ಹೊರೆಯು ಮಿತಿಮೀರಿತ್ತು, ಅಷ್ಟೆ. ಮೇಲಾಗಿ ಅದರಲ್ಲಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಗೆ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ರಂದು ಮುಗಿದುಹೋಗಿತ್ತು. ಹೊಸ ಯಂತ್ರವನ್ನು ಕೊಳ್ಳುವುದೊಂದೇ ದಾರಿಯೆಂದು ಮಂಡ್ಯದಲ್ಲಿ ಒಬ್ಬರು ಹೇಳಿದರು. ಕಬ್ಬಿನ ಹಣ ಕೈಗೆ ಬಾರದ ತಿಂಗಳಲ್ಲಿ ಆ ಮಾತು ನಮಗೆ ರುಚಿಸಲಿಲ್ಲ. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಗಳು ಲಿನಕ್ಸನ್ನು ಹಾಕಿ ನೋಡೋಣವೆಂದಳು.

ಲಿನಕ್ಸಿನ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತು. ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಯಾರು ಬೇಕಾದರೂ ಪಡೆದು, ಒಳಹೊಕ್ಕು ನೋಡಿ, ತಿದ್ದಿ, ಹಂಚುವಂತಿರಬೇಕೆಂದು 1983ರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ನರು ಗ್ನು ಎಂಬ ಉದ್ಯಮವನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸರು ತಾವು ಬರೆದ ತಿರುಳನ್ನು ಲೋಕದ ಮುಂದಿಟ್ಟರು. ಇವೆರಡೂ ಕೂಡಿ ಬೆಳೆದ ವ್ಯವಸ್ಥೆಯು ಇಂದು ಅನೇಕ ಹೆಸರುಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಗಣಕ ಶಿಕ್ಷಣವು ಇದರ ಮೇಲೆಯೇ ನಡೆಯುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲಿಯೇ ಕಲಿಯುತ್ತಾರೆ. ನಾವು ಆರಿಸಿಕೊಂಡದ್ದು ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಬಗೆ. ಇದಕ್ಕೆ 2 ಗಿಗಾಬೈಟ್ ಸ್ಮೃತಿಯಿದ್ದರೂ ನಡೆಯುತ್ತದೆ, 4 ಇದ್ದರೆ ಸುಖವಾಗಿರುತ್ತದೆ.

ಹಳೆಯ ಡಿಸ್ಕನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಹಾಕಲು ನಾವು ಹೊರಟಿದ್ದೆವು. ಮಗಳು ತಡೆದಳು. ಡಿಸ್ಕನ್ನು ಬಿಚ್ಚಿ ತೆಗೆದು, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯೊಂದನ್ನು ಅದರ ಸ್ಥಾನದಲ್ಲಿ ಕೂರಿಸಿ, ಹಳೆಯದನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡಿದೆವು. ಆ ತಡೆಯು ನಮ್ಮನ್ನು ಹೇಗೆ ಕಾಪಾಡಿತೆಂಬುದು ಮುಂದೆ ತಿಳಿಯುವುದು. ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಅದರಿಂದಲೇ ಯಂತ್ರವನ್ನು ಎಬ್ಬಿಸಿ, ತೆರೆ, ಶಬ್ದ, ಕೀಲಿಮಣೆಗಳನ್ನು ಮೊದಲೇ ಪರೀಕ್ಷಿಸಬಹುದು. ಎಲ್ಲವೂ ಹೊಂದಿದ ಮೇಲೆಯೇ ಸ್ಥಾಪಿಸಿದರಾಯಿತು.

ನಮಗೆ ವೈಫೈ ಮಾತ್ರ ಹೊಂದಲಿಲ್ಲ. ಅದರ ಚಾಲಕ ತಂತ್ರಾಂಶವನ್ನು ತರಲು ಇಂಟರ್ನೆಟ್ಟು ಬೇಕು, ಇಂಟರ್ನೆಟ್ಟಿಗೆ ಆ ಚಾಲಕವೇ ಬೇಕು! ಮೊಬೈಲನ್ನು ತಂತಿಯಿಂದ ಜೋಡಿಸಿ ಅದರ ಸಂಪರ್ಕವನ್ನು ಯಂತ್ರಕ್ಕೆ ಹಂಚಿದುದರಿಂದ ಈ ತೊಡಕು ಬಿಡಿಸಿತು. ಡ್ರೈವರ್ ಮ್ಯಾನೇಜರ್ ಎಂಬಲ್ಲಿ ಚಾಲಕವನ್ನು ಆರಿಸಿದೆವು. ಅದು ಒಂದು ಗುಪ್ತಪದವನ್ನು ಕೇಳಿತು, ಕೊಟ್ಟೆವು. ಯಂತ್ರವು ಮರಳಿ ಏಳುವಾಗ ನೀಲಿಯ ತೆರೆಯೊಂದು ಕಾಣಿಸಿಕೊಂಡಿತು. ಏನೋ ಅನಾಹುತವಾಯಿತೆಂದು ಹೆದರಿ ‘ಮುಂದುವರಿಸು’ ಎಂಬುದನ್ನೊತ್ತಿದೆವು. ವೈಫೈ ಸತ್ತಂತೆಯೇ ಇದ್ದಿತು. ನಿಜ ಸಂಗತಿಯೇನೆಂದರೆ, ಸೆಕ್ಯೂರ್ ಬೂಟ್ ಎಂಬ ಕಾವಲುಗಾರನು ಗುರುತಿಲ್ಲದ ಚಾಲಕವನ್ನು ಒಳಗೆ ಬಿಡುವುದಿಲ್ಲ. ಆ ನೀಲಿಯ ತೆರೆಯಲ್ಲಿ ‘ಎನ್‌ರೋಲ್ ಎಂಒಕೆ’ ಎಂಬುದನ್ನು ಆರಿಸಿ ಮೊದಲು ಕೊಟ್ಟ ಗುಪ್ತಪದವನ್ನೇ ಕೊಟ್ಟರೆ ಅವನು ಗುರುತು ಹಿಡಿಯುತ್ತಾನೆ. ಚಾಲಕವನ್ನು ತೆಗೆದು ಮತ್ತೆ ಹಾಕಿ, ಎರಡನೆಯ ಸಲ ಧೈರ್ಯದಿಂದ ನಡೆದುಕೊಂಡೆವು.

ಮೂರನೆಯ ದಿನ ನವೀಕರಣವು ನಡೆಯುತ್ತಿದ್ದಾಗ ಕರೆಂಟು ಹೋಯಿತು. ಬ್ಯಾಟರಿಯು ಎಂದೋ ಸತ್ತಿದ್ದುದರಿಂದ ಯಂತ್ರವೂ ಆ ಕ್ಷಣವೇ ಆರಿತು. ಮರುದಿನ ಯಾವ ಹೊಸ ತಂತ್ರಾಂಶವನ್ನೂ ಅದು ಒಪ್ಪದಾಯಿತು. ಅರ್ಧಕ್ಕೆ ನಿಂತ ಕೆಲಸವನ್ನು ಮುಗಿಸೆಂದು ಟರ್ಮಿನಲ್ಲಿನಲ್ಲಿ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಒಂದೇ ಸಾಲಿನ ಆಜ್ಞೆಯನ್ನು (ಇಂಗ್ಲಿಷ್ ಅಕ್ಷರಗಳಲ್ಲಿ) ಕೊಟ್ಟುದರಿಂದ ಸರಿಹೋಯಿತು. ಹಳ್ಳಿಯ ವಾಚಕರು ಇದನ್ನು ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಬ್ಯಾಟರಿಯನ್ನೂ ಬದಲಾಯಿಸಿದೆವು.

ಈಗ ಯಂತ್ರವು ಅರ್ಧ ನಿಮಿಷದೊಳಗೆ ಏಳತೊಡಗಿತು. ಹಳೆಯ ಡಿಸ್ಕಿನಿಂದ ಅಣ್ಣನವರ ಕಡತಗಳನ್ನು ತಂದು, ಅತ್ತಿಗೆಯವರನ್ನು ಮುಂದೆ ಕೂರಿಸಿ ತೆರೆದೆವು. ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳು! ಕೆಲವಕ್ಕೆ ತಲೆಯ ಮೇಲೆ ಗೀರುಗಳು; ನಡುನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ. “ಇದೇನಪ್ಪ, ನಿಮ್ಮಣ್ಣ ಇಂಗ್ಲಿಷ್ನಲ್ಲಿ ಬರೆದೋರೇ ಅಲ್ವಲ್ಲ” ಎಂದು ಅತ್ತಿಗೆಯವರು ಕನ್ನಡಕವನ್ನು ತೆಗೆದು ಸೆರಗಿನಿಂದ ಒರೆಸಿದರು. ನಮಗೆ ಎದೆ ಒಡೆದಂತಾಯಿತು.

ಬರಹವು ನಾಶವಾಗಿರಲಿಲ್ಲ. ಅಣ್ಣನವರು ನುಡಿ ತಂತ್ರಾಂಶದ ಹಳೆಯ ಪದ್ಧತಿಯಲ್ಲಿ ಬರೆದಿದ್ದರು. ಆ ಪದ್ಧತಿಯು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಗೊತ್ತಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ತುಂಬುತ್ತಿತ್ತು. ಪೌಂಡಿನ ಸ್ಥಾನದಲ್ಲಿ ‘ನ’ಕಾರದ ಆಕಾರವಿರುತ್ತಿತ್ತು. ಆ ಅಕ್ಷರಮಾಲೆಯಿಲ್ಲದ ಯಂತ್ರದಲ್ಲಿ ಕನ್ನಡದ ವೇಷ ಕಳಚಿ ಬೀಳುತ್ತದೆ. ಹಳೆಯ ಡಿಸ್ಕಿನ ಫಾಂಟುಗಳ ಕೋಶದಲ್ಲಿ ಆ ಅಕ್ಷರಮಾಲೆಯು ಹಾಗೆಯೇ ಇದ್ದಿತು. ಡಿಸ್ಕನ್ನು ಅಳಿಸಿದ್ದರೆ ಅದೂ ಕಡತಗಳೂ ಒಟ್ಟಿಗೆ ಹೋಗುತ್ತಿದ್ದವು. ಅದನ್ನು ತಂದು ಹಾಕಿದೊಡನೆ ಕನ್ನಡವು ಮೂಡಿತು.

ಆದರೆ ಇಷ್ಟರಿಂದ ಮೊಬೈಲಿನಲ್ಲಿ ಓದಲಾಗದು, ಪದವೊಂದನ್ನು ಹುಡುಕಲಾಗದು. ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆಯನ್ನು ಕೊಟ್ಟಿರುವ ಯೂನಿಕೋಡಿಗೆ ಅವನ್ನು ಪರಿವರ್ತಿಸಬೇಕಾಯಿತು. ಅದಕ್ಕೂ ಮುಕ್ತ ತಂತ್ರಾಂಶಗಳಿವೆ. ಕೆಲಸವೇನೋ ಕ್ಷಣಮಾತ್ರದ್ದು, ಕಷ್ಟವಿರುವುದು ಅರ್ಕಾವತ್ತಿನಲ್ಲಿ. ಹಳೆಯ ಪದ್ಧತಿಯಲ್ಲಿ ಅದನ್ನು ಅಕ್ಷರದ ಅನಂತರ ಇಡುತ್ತಿದ್ದರು, ಯೂನಿಕೋಡಿನಲ್ಲಿ ರಕಾರವು ಮುಂದಾಗಿ ಬರಬೇಕು. ಸ್ಥಾನಪಲ್ಲಟವು ಅಲ್ಲಲ್ಲಿ ತಪ್ಪುವುದರಿಂದ ಮನುಷ್ಯರೇ ಕುಳಿತು ತಿದ್ದಬೇಕು. ಓದಲು ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಮಾಲೆಗಳನ್ನು ಹಾಕಿಕೊಂಡೆವು. ಬರೆಯಲು ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆಯು ವ್ಯವಸ್ಥೆಯಲ್ಲಿಯೇ ಇದೆ.

ಈಗ ದಿನವೂ ದೀಪ ಹಚ್ಚಿದ ಮೇಲೆ ಅತ್ತಿಗೆಯವರು ಓದುತ್ತಾರೆ, ಮಗಳು ತಿದ್ದುತ್ತಾಳೆ. ಮೊನ್ನೆ ಗದ್ದೆಯ ಹೆಸರೊಂದಕ್ಕೆ ಬಂದು ಅತ್ತಿಗೆಯವರು ನಿಂತರು. ಪರಿವರ್ತಕದ ತಪ್ಪೇ ಎಂದು ಮಗಳು ಕೇಳಿದಳು. “ಅದಲ್ಲ ಕಣವ್ವ, ನಿಮ್ಮ ದೊಡ್ಡಪ್ಪಂದೇ ತಪ್ಪು. ಆ ಗದ್ದೆ ನಮ್ಮತ್ತೆ ಕಡೇದು, ನಾನು ಹೇಳ್ತೀನಿ ಬರ್ಕೊ” ಎಂದರು. ನಲವತ್ತೊಂದು ಪುಟಗಳು ಮುಗಿದಿವೆ. ಸೋಬಾನೆಯ ಪದಗಳು ಇನ್ನು ಮೇಲೆ ಬರಬೇಕು.